ನಮ್ಮ ಬಿಸಿಲನಾಡಿನ ಹುಡುಗ್ರಿಗೆ ಚಳಿ ಬಗ್ಗೆ ಯಾರು ಹೇಳಿಕೊಡ್ತಾರ?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಏಪ್ರಿಲ್ ಬಂತಂದ್ರ ಸಾಕು ನಿಮ್ಮ ಪೇಪರ್‌ನಾಗ ಬಿಸಿಲಿನ ಬಗ್ಗೆ ಸೂಚನೆ ಬರಾಕ ಶುರುವಾಗ್ತಾವ, ಮಧ್ಯಾಹ್ನ ಹೊರಗ ಹೋಗಬ್ಯಾಡ್ರಿ, ನೀರು ಮಜ್ಜಿಗಿ ಕುಡೀರಿ, ತಲಿಗೆ ಟವೆಲ್ ಸುತ್ಕೊಳ್ರಿ ಅಂತ. ಒಳ್ಳೇದು, ರಾಯಚೂರು ಕೊಪ್ಪಳ ಬಳ್ಳಾರಿ ಮಂದಿಗೆ ಅದು ಬೇಕು. ಆದ್ರ ಇದ ಮೂರು ಜಿಲ್ಲಾದಿಂದ ವರ್ಷಾ ವರ್ಷಾ ಎಷ್ಟೋ ಹುಡುಗ್ರು ಹಿಮ ಬೀಳೋ ಸೀಮಿಗೆ ಹೊಂಟಾರಲ್ಲ, ಮಿಲಿಟ್ರಿಗೆ ಅಂತ ಕೆಲವರು, ವೆಲ್ಡಿಂಗ್, ಟವರ್, ಸುರಂಗದ ಕೆಲಸ ಅಂತ ಕೆಲವರು, ಗಂಗಾವತಿ ಸಿಂಧನೂರಿನ ಅಕ್ಕಿ ಲಾರಿ ತಗೊಂಡು ಕೆಲವರು, ಓದಾಕ ಕೆನಡಾಕ್ಕ ಅಂತ ಇನ್ನ ಕೆಲವರು, ಇವರಿಗೆ ಚಳಿ ಅಂದ್ರ ಏನು, ಅದ್ರಾಗ ದಿನಾ ಹೆಂಗ ಬಾಳೇವು ಮಾಡಬೇಕು ಅಂತ ಕನ್ನಡದಾಗ ಕುಂದ್ರಿಸಿ ಹೇಳೋರು ಒಬ್ರೂ ಇಲ್ಲ. ಅದಕ್ಕ ಈ ಪತ್ರ ಬರೀತಿದ್ದೀನಿ, ಸ್ವಲ್ಪ ಉದ್ದ ಆದ್ರೂ ದಯವಿಟ್ಟು ಪೂರ್ತಿ ಓದ್ರಿ.

ನಾನು ಸೈನ್ಯದಾಗಿದ್ದು ರಿಟೈರ್ ಆದವ, ಈಗ ಕುಷ್ಟಗಿ ತಾಲೂಕಿನ ನಮ್ಮ ಊರಾಗ ಒಕ್ಕಲುತನ. ಲಡಾಖ್‌ನಾಗ ದ್ರಾಸ್ ಕಡೆ, ಲೇಹ್ ಕಡೆ ಚಳಿಗಾಲ ತೆಗೆದೀನಿ. ಹಂಗಾಗಿ ಯಾರದ್ದೋ ಮಾತು ಕೇಳಿ ಬರಿಯಾಕತ್ತಿಲ್ಲ.

ಹೋದ ವರ್ಷ ನಮ್ಮ ಊರಿನ ಒಬ್ಬ ಹುಡುಗ, ಐಟಿಐ ಮುಗಿಸಿದವ, ಚಲೋ ಪಗಾರ ಐತಿ ಅಂತ ಒಬ್ಬ ಗುತ್ತಿಗೆದಾರ ಹೇಳಿದ್ದು ಕೇಳಿ ನವೆಂಬರ್‌ನಾಗ ಲೇಹ್ ಕಡೆ ವೆಲ್ಡಿಂಗ್ ಕೆಲಸಕ್ಕ ಹೋದ. ಬ್ಯಾಗಿನಾಗ ಸಂತಿಯಾಗ ತಗೊಂಡ ಒಂದ ಸ್ವೆಟರ್, ಎರಡು ಜೀನ್ಸ್ ಪ್ಯಾಂಟು, ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ ಶೇಂಗಾ ಚಟ್ನಿ, ಕಾಲಾಗ ಕ್ಯಾನ್ವಾಸ್ ಶೂ, ಅಷ್ಟ. ಸಂಕ್ರಮಣಕ್ಕ ಮುಂಚೆನ ತಿರುಗಿ ಬಂದ. ಬಲಗಾಲಿನ ಎರಡು ಬೆರಳಿನ ತುದಿ ಇದ್ದಲಿ ಬಣ್ಣಕ್ಕ ತಿರುಗಿ ಒಣಗಿದ್ವು, ಒತ್ತಿದ್ರ ಅವನಿಗೆ ಏನೂ ಗೊತ್ತಾಗ್ತಿರಲಿಲ್ಲ, ಅದ್ರ ಮ್ಯಾಲಿನ ಕೆಂಪು ಚರ್ಮ ಮುಟ್ಟಿದ್ರ ಮಾತ್ರ ಜೀವ ಹೋದಂಗ ಚೀರ್ತಿದ್ದ, ಕಡಿಗೆ ಡಾಕ್ಟ್ರು ಎರಡೂ ತುದಿ ತಗೀಬೇಕಾತು. ಅವನ್ನ ಕೂಡ ಕುಂತು ಅಲ್ಲಿ ಏನೇನು ಮಾಡಿದ್ಯೋ ಅಂತ ಒಂದೊಂದ ಕೇಳಿದೆ. ಅವ ಹೇಳಿದ್ದ ಒಂದೊಂದು ಮಾತೂ, ಯಾರಾದ್ರೂ ಮೊದಲ ಹೇಳಿದ್ರ ತಪ್ಪತಿತ್ತು ಅನ್ನೋವಂಥಾದ್ದ.

ವಿಮಾನದಿಂದ ಇಳಿದ ದಿವಸಾನ ಅವನ ಕೈಯಾಗ ಕಬ್ಬಿಣ ಹೊರಿಸ್ಯಾರ. ಲೇಹ್ ಇರೋದು ಸುಮಾರು 11,500 ಅಡಿ ಎತ್ತರದಾಗ, ಅಲ್ಲಿ ಉಸಿರಿಗೆ ಸಿಗೋ ಆಕ್ಸಿಜನ್ ನಮ್ಮೂರಿನಕಿಂತ ಹತ್ರ ಹತ್ರ ಮೂರನೇ ಒಂದು ಪಾಲು ಕಡಿಮಿ. ಸೈನ್ಯದಾಗ ಎಂಥಾ ಗಟ್ಟಿ ಜವಾನ್ ಇದ್ರೂ 9,000 ದಿಂದ 12,000 ಅಡಿ ಎತ್ತರಕ್ಕ ಹೋದ್ರ 6 ದಿವಸ ಮೈ ಹೊಂದಿಸ್ಕೊಳ್ಳಾಕ ಬಿಡ್ತಾರ, ಮೊದಲ ಎರಡು ದಿವಸ ಬರೇ ಆರಾಮ, ಆಮ್ಯಾಲ ಸಣ್ಣಾಗಿ ನಡ್ಯಾಟ, ಅಲ್ಲಿಂದ 15,000 ಅಡಿ ತನಕ ಹೋಗಬೇಕಂದ್ರ ಮತ್ತ 4 ದಿವಸ, ಅದಕ್ಕೂ ಮ್ಯಾಲ ಅಂದ್ರ ಇನ್ನೂ 4 ದಿವಸ. ಇದು ಸೋಮಾರಿತನ ಅಲ್ರಿ, ಅವಸರ ಮಾಡಿದವರ ಪುಪ್ಪಸದಾಗ ನೀರು ತುಂಬಿ, ಮೆದುಳು ಬಾತು ಸತ್ತಿದ್ದು ಐತಿ. ತಲಿನೋವು, ವಾಂತಿ, ಮಲಗಿದ್ರ ಉಸಿರು ಕಟ್ಟೋದು ಇವು ಬಂದ್ವಂದ್ರ ಗಟ್ಟಿ ಮನಸು ಮಾಡ್ಕೊಂಡು ಮ್ಯಾಲ ಹತ್ತೋದಲ್ಲ, ಕೆಳಗ ಇಳೀಬೇಕು, ಡಾಕ್ಟ್ರಿಗೆ ತೋರಿಸ್ಬೇಕು. ಜವಾನ್‌ಗೆ ಇರೋ ಈ ನಿಯಮ ಕೂಲಿ ಹುಡುಗಗ ಯಾಕಿಲ್ಲ? ಅವನ ಪುಪ್ಪಸ ಬ್ಯಾರೆ ಐತೇನು?

ನಮ್ಮ ಕಡೆ ಡಿಸೆಂಬರ್ ಬೆಳಗಿನ ಜಾವ 15 ಡಿಗ್ರಿ ಆದ್ರ ಕೌದಿ ಬಿಟ್ಟು ಏಳಾಕ ಮನಸಾಗಂಗಿಲ್ಲ, ಕಿವಿಗೆ ಮಫ್ಲರ್ ಸುತ್ಕೊಂಡು ಕಟ್ಟಿಮ್ಯಾಲ ಬಿಸಿಲಿಗೆ ಕುಂದರ್ತೀವಿ, ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗ್ತದ ಅಂತೀವಿ. ದ್ರಾಸ್‌ನಾಗ ಶಿವರಾತ್ರಿ ಆದ ಮ್ಯಾಲೂ ಹಿಮ ಬೀಳ್ತದ. ಅಲ್ಲಿ ಚಳಿಗಾಲದಾಗ ಮೈನಸ್ 20 ಅಂದ್ರ ಮಾಮೂಲಿ ಮಾತು. ಕಾಶ್ಮೀರದ ಮಂದಿ ಚಳಿನ್ನ ಹೆಸರಿಟ್ಟು ಎಣಿಸ್ತಾರ, ಡಿಸೆಂಬರ್ 21 ರಿಂದ 40 ದಿವಸ ಚಿಲ್ಲೈ ಕಲಾನ್, ಆಮ್ಯಾಲ 20 ದಿವಸ ಚಿಲ್ಲೈ ಖುರ್ದ್, ಆಮ್ಯಾಲ 10 ದಿವಸ ಚಿಲ್ಲೈ ಬಚ್ಚಾ. ಅದಕ್ಕ ತಕ್ಕಂಗ ಕಟಿಗಿ, ಇದ್ದಲಿ, ಒಣಗಿಸಿದ ಬದನಿಕಾಯಿ ಸೋರಿಕಾಯಿ ಎಲ್ಲಾ ಮೊದಲ ಕೂಡಿಟ್ಕೊಂಡಿರ್ತಾರ. ಇನ್ನ ಗಾಳಿದು ಬ್ಯಾರೆ ಲೆಕ್ಕ. ಥರ್ಮಾಮೀಟರ್ ಮೈನಸ್ 10 ತೋರಿಸ್ತಿದ್ರೂ ತಾಸಿಗೆ 30 ಕಿಲೋಮೀಟರ್ ಗಾಳಿ ಬೀಸಿದ್ರ ಬಿಚ್ಚಿದ ಮೈಗೆ ಅದು ಮೈನಸ್ 20 ಇದ್ದಂಗ ಹತ್ತತದ. ಮೊಬೈಲ್‌ನಾಗ ಬರೇ ಟೆಂಪರೇಚರ್ ನೋಡಿ ಹೊರಗ ಬೀಳಬಾರದು.

ಬಟ್ಟಿ ಬಗ್ಗೆ ಹೇಳ್ತೀನಿ, ಯಾಕಂದ್ರ ಇಲ್ಲೇ ಭಾಳ ಮಂದಿ ಎಡವೋದು. ಒಂದ ದಪ್ಪ ಜಾಕೆಟ್ ಇದ್ರ ಮುಗೀತು ಅನ್ಕೋತಾರ. ಹಂಗಲ್ಲ. ನಮ್ಮ ಅವ್ವಂದಿರು ಹಳೇ ಸೀರಿ ಪದರ ಪದರ ಇಟ್ಟು ಕೌದಿ ಹೊಲಿತಾರಲ್ಲ, ಆ ಪದರದ ನಡುವ ನಿಂತ ಗಾಳಿನ ಬೆಚ್ಚಗ ಇಡೋದು, ಮೈಮ್ಯಾಲಿನ ಬಟ್ಟಿನೂ ಹಂಗ ಪದರ ಇರಬೇಕು. ಒಳಗ ಮೈಗೆ ಹತ್ತಿದ ಥರ್ಮಲ್ ಅನ್ನೋ ಬೆಚ್ಚನ ಒಳಬಟ್ಟಿ, ಅದ್ರ ಮ್ಯಾಲ ಉಣ್ಣಿ ಅಥವಾ ಫ್ಲೀಸ್ ಅನ್ನೋ ಮೆತ್ತನ ಬಟ್ಟಿ, ಎಲ್ಲಾದಕ್ಕೂ ಮ್ಯಾಲ ಗಾಳಿ ನೀರು ಒಳಗ ಬಿಡದಂಥಾ ಜಾಕೆಟ್. ಜೀನ್ಸು, ಹತ್ತಿ ಬನಿಯನ್ ಅಲ್ಲಿ ಶತ್ರು ಇದ್ದಂಗ, ಬೆವರು ಹೀರಿ ಹಸಿ ಆಗಿ ಮೈಯಾಗಿನ ಕಾವೆಲ್ಲಾ ಎಳ್ಕೊಂಡುಬಿಡ್ತಾವ, ಉಣ್ಣಿ ಹಸಿ ಆದ್ರೂ ಒಂದಿಷ್ಟು ಬೆಚ್ಚಗ ಇಡ್ತದ. ಕೆಲಸ ಮಾಡೋವಾಗ ಬೆವರು ಬರಾಕತ್ತಿತಂದ್ರ ಒಂದ ಪದರ ತಗೀಬೇಕು, ಕೆಲಸ ನಿಲ್ಲಿಸಿದ ಕೂಡ್ಲೇ ಹಾಕೊಬೇಕು. ನಮ್ಮ ಹುಡುಗ್ರು ಬೆವರಿದ ಬಟ್ಟಿ ಮ್ಯಾಲನ ರಾತ್ರಿ ಮಲಗ್ತಾರ, ಇಲ್ಲಿ ನಡೀತದ, ಅಲ್ಲಿ ನಡಿಯಂಗಿಲ್ಲ.

ಈಗ ಕಾಲು. ಆ ಹುಡುಗ ಚಳಿ ಜಾಸ್ತಿ ಅಂತ ಎರಡು ಜೊತಿ ಹತ್ತಿ ಸಾಕ್ಸ್ ಹಾಕಿ ಬಿಗಿ ಶೂದಾಗ ಕಾಲು ತುರುಕ್ಯಾನ. ಬಿಗಿ ಆದ್ರ ರಕ್ತ ಓಡಂಗಿಲ್ಲ, ರಕ್ತ ಓಡಲಿಲ್ಲಂದ್ರ ಬೆರಳು ಮೊದಲ ಸಾಯ್ತಾವ. ಶೂ ಒಂದ ನಂಬರ್ ದೊಡ್ಡದಿರಬೇಕು, ಒಳಗ ಬೆರಳು ಆಡಿಸಾಕ ಬರಬೇಕು, ಸಾಕ್ಸ್ ಉಣ್ಣಿದಿರಬೇಕು, ಹಸಿ ಆದ ಸಾಕ್ಸ್ ಎಷ್ಟೇ ಬ್ಯಾಸರಾದ್ರೂ ಬದಲಿಸ್ಬೇಕು. ಮೊದಲಿಗೆ ಬೆರಳು ಚುಚ್ಚಿದಂಗ ಉರೀತಾವ, ಆಮ್ಯಾಲ ನೋವು ತಾನ ನಿಂತುಬಿಡ್ತದ. ನೋವು ನಿಂತ್ರ ಆರಾಮಾತು ಅಂತ ಹುಡುಗ್ರು ಸುಮ್ನಾಗ್ತಾರ, ಖರೇ ಅಂದ್ರ ಅದ ಭಾಳ ಕೆಟ್ಟ ಸುದ್ದಿ. ಚರ್ಮ ಬೂದಿ ಬಣ್ಣಕ್ಕೋ ಮೇಣದಂಗೋ ತಿರುಗಿ ಜೋಮು ಹಿಡಿದ್ರ ಅಲ್ಲೇ ಕೆಲಸ ಬಿಟ್ಟು ಒಳಗ ಬರಬೇಕು.

ಬಂದು ಏನು ಮಾಡಬಾರದು ಅಂದ್ರ, ತಿಕ್ಕಬಾರದು. ಕೈಲೆ ಆಗಲಿ, ಎಣ್ಣಿ ಹಚ್ಚಿ ಆಗಲಿ, ಹಿಮದಿಂದ ಆಗಲಿ ತಿಕ್ಕಬಾರದು, ಒಳಗ ಹೆಪ್ಪುಗಟ್ಟಿದ ಮಾಂಸ ಹರೀತದ. ಬೆಂಕಿ ಮುಂದ ಹೀಟರ್ ಮುಂದ ಕಾಲು ಚಾಚಬಾರದು, ಜೋಮು ಹಿಡಿದ ಕಾಲಿಗೆ ಸುಟ್ಟಿದ್ದ ತಿಳಿಯಂಗಿಲ್ಲ. ನಮ್ಮ ಹುಡುಗ ಎರಡೂ ಮಾಡ್ಯಾನ, ರೂಮಿನಾಗ ಇದ್ದವರು ಸಾಸಿವಿ ಎಣ್ಣಿ ಹಚ್ಚಿ ಗಸಗಸ ತಿಕ್ಯಾರ, ಆಮ್ಯಾಲ ಒಲಿ ಮುಂದ ಕುಂದ್ರಿಸ್ಯಾರ, ಎಲ್ಲಾ ಪ್ರೀತಿಲೇ ಮಾಡಿದ್ದು ಪಾಪ. ಮಾಡಬೇಕಾಗಿದ್ದು ಉಗುರುಬೆಚ್ಚಗಿನ ನೀರು, 37 ರಿಂದ 39 ಡಿಗ್ರಿ, ಚಲೋ ಇರೋ ಮೊಣಕೈ ಅದ್ದಿದ್ರ ಹಿತ ಅನ್ನೋವಷ್ಟು, ಅದ್ರಾಗ ಬಣ್ಣ ತಿರುಗೋ ತನಕ ಇಡೋದು, ಗುಳ್ಳಿ ಒಡೀಬಾರದು, ಒಣ ಬಟ್ಟಿ ಸುತ್ತಿ ದವಾಖಾನಿಗೆ. ಮತ್ತ ಒಂದು, ಕಾಲು ತಿರುಗಿ ಹೆಪ್ಪುಗಟ್ಟೋ ಹಂಗಿದ್ರ, ಅಂದ್ರ ಇನ್ನೂ ಹಿಮದಾಗ ನಡೀಬೇಕಾಗಿದ್ರ, ನಡುದಾರಿಯಾಗ ಕರಗಿಸ್ಬಾರದು, ಸುರಕ್ಷಿತ ಜಾಗಕ್ಕ ಮುಟ್ಟಿದ ಮ್ಯಾಲ ಕರಗಿಸ್ಬೇಕು, ಎರಡನೇ ಸಲ ಹೆಪ್ಪುಗಟ್ಟಿದ್ರ ಮೊದಲಿನಕಿಂತ ಹೆಚ್ಚು ಹಾಳು.

ಬೀಡಿ, ಗುಟ್ಕಾ, ದಾರು. ಇದನ್ನ ನೇರವಾಗೇ ಬರೀತೀನಿ. ತಂಬಾಕು ರಕ್ತನಾಳ ಸಣ್ಣ ಮಾಡ್ತದ, ಬೆರಳಿಗೆ ಹೋಗೋ ಅಷ್ಟಿಷ್ಟು ರಕ್ತಾನೂ ಕಟ್. ದಾರು ಕುಡಿದ್ರ ಮೈ ಬೆಚ್ಚಗಾತು ಅನಿಸ್ತದ, ಆದ್ರ ಆ ಬೆಚ್ಚಗ ಅನ್ನೋದು ಒಳಗಿನ ಕಾವು ಚರ್ಮಕ್ಕ ಬಂದು ಹೊರಗ ಹೋಗಾಕತ್ತಿದ್ದು. ಕುಡಿದು ಹೊರಗ ಮಲಗಿದವ ಮುಂಜಾನಿ ಏಳಂಗಿಲ್ಲ. ಮೈಯೊಳಗಿನ ಕಾವು 35 ಡಿಗ್ರಿಕಿಂತ ಕೆಳಗ ಇಳೀತಂದ್ರ ಮನಷ್ಯಾ ಮೊದಲ ಗಡಗಡ ನಡುಗ್ತಾನ, ಆಮ್ಯಾಲ ಮಾತು ತೊದಲ್ತದ, ಹೆಜ್ಜಿ ತಪ್ಪತದ, ಇನ್ನೂ ಇಳಿದ್ರ ನಡುಕ ನಿಲ್ತದ. ನೋಡಿದವರು ಕುಡದಾನ ಬಿಡು ಅಂತ ಹೋಗ್ತಾರ. ಹಂಗ ಬಿಡಬ್ಯಾಡ್ರಿ. ಹಸಿ ಬಟ್ಟಿ ತಗದು, ಒಣ ರಗ್ಗು ಹೊದಿಸಿ, ಎಚ್ಚರ ಇದ್ರ ಬಿಸಿ ಸಕ್ರಿ ಚಾ ಕುಡಿಸಿ, ಡಾಕ್ಟ್ರ ಹತ್ರ ಒಯ್ಯಬೇಕು. ನೀರು ಕುಡಿಯೋದನ್ನೂ ನಮ್ಮವರು ಅಲ್ಲಿ ಮರೀತಾರ, ಚಳಿಯಾಗ ಬಾಯಾರಿಕಿ ಆಗಂಗಿಲ್ಲ, ಆದ್ರ ಒಣ ಗಾಳಿಯಾಗ ಉಸಿರಿನ ಕೂಡನ ನೀರು ಹೋಗ್ತಿರ್ತದ.

ವೆಲ್ಡರ್ ಹುಡುಗ್ರಿಗೆ ಇನ್ನ ಎರಡು ಮಾತು. ಮೈನಸ್ ಚಳಿಯಾಗ ಬರಿಗೈಲೆ ಕಬ್ಬಿಣ ಮುಟ್ಟಬ್ಯಾಡ್ರಿ, ಚರ್ಮ ಹಿಡ್ಕೊಂಡು ಕಿತ್ತು ಬರ್ತದ. ಮತ್ತ ಬಿಸಿಲು ಬಿದ್ದ ಹಿಮಾನ ಕಪ್ಪು ಕನ್ನಡಕ ಇಲ್ಲದ ದಿನವೆಲ್ಲಾ ನೋಡಿದ್ರ, ಶೀಲ್ಡ್ ಇಲ್ಲದ ವೆಲ್ಡಿಂಗ್ ಮಾಡಿದಾಗ ರಾತ್ರಿ ಕಣ್ಣಾಗ ಉಸುಕು ಹಾಕಿದಂಗ ಉರೀತಾವಲ್ಲ, ಅದ ಗಾಯ ಕಣ್ಣಿಗೆ ಆಗ್ತದ, ಎರಡಕ್ಕೂ ಕಾರಣ ಒಂದ, ಅಲ್ಟ್ರಾವಯಲೆಟ್ ಕಿರಣ.

ಎಲ್ಲಾದಕ್ಕಿಂತ ನನಗ ಹೆಚ್ಚು ಹೆದರಿಕಿ ಇರೋದು ಬಾಗಲಾ ಮುಚ್ಚಿದ ರೂಮಿನ ಬೆಂಕಿದು. 2020ರ ಜನವರಿಯಾಗ ಕೇರಳದಿಂದ ನೇಪಾಳಕ್ಕ ಪ್ರವಾಸ ಹೋದ 8 ಮಂದಿ, ಅದ್ರಾಗ 4 ಸಣ್ಣ ಮಕ್ಕಳು, ದಮನ್ ಅನ್ನೋ ಊರಿನ ರೆಸಾರ್ಟ್‌ನಾಗ ಚಳಿ ತಡಿಲಾರದ ಗ್ಯಾಸ್ ಹೀಟರ್ ಹಚ್ಕೊಂಡು ಕಿಟಕಿ ಬಾಗಲಾ ಎಲ್ಲಾ ಹಾಕ್ಕೊಂಡು ಮಲಗಿದವರು ಮುಂಜಾನಿ ಎದ್ದ ಇಲ್ಲ. ಅವರೂ ನಮ್ಮಂಗ ಬೆಚ್ಚಗಿನ ಸೀಮಿ ಮಂದಿ, ಅವರಿಗೂ ಯಾರೂ ಹೇಳಿರಲಿಲ್ಲ. ಇದ್ದಲಿ ಆಗಲಿ, ಕಟಿಗಿ ಆಗಲಿ, ಗ್ಯಾಸ್ ಆಗಲಿ, ಗಾಳಿ ಸಾಲದ ಕಡೆ ಉರಿದ್ರ ಕಾರ್ಬನ್ ಮೋನಾಕ್ಸೈಡ್ ಆಗ್ತದ, ಅದಕ್ಕ ಬಣ್ಣ ಇಲ್ಲ, ವಾಸನಿ ಇಲ್ಲ, ಹೊಗಿ ಬಂದ್ರ ಎಚ್ಚರ ಆಗ್ತೀವಿ ಅನ್ನೋ ಹಂಗಿಲ್ಲ. ತಲಿ ಭಾರ ಆಗ್ತದ, ವಾಕರಿಕಿ ಬರ್ತದ, ನಿದ್ದಿ ಬರಾಕತ್ತಿತು ಅಂತ ಮಲಗಿದವ ಮಲಗೇ ಹೋಗ್ತಾನ. ಕಾಶ್ಮೀರ ಲಡಾಖ್‌ನಾಗ ಬುಖಾರಿ ಅಂತ ತಗಡಿನ ಒಲಿ ಇರ್ತದ, ಅದಕ್ಕ ಪೈಪ್ ಇರ್ತದ, ಹೊಗಿ ಎಲ್ಲಾ ಛಾವಣಿ ದಾಟಿ ಹೊರಗ ಹೋಗ್ತದ, ಅಷ್ಟಾದ್ರೂ ತಿಳಿದವರು ಮಲಗೋ ಮುಂಚೆ ಆರಿಸ್ತಾರ, ಒಂದ ಕಿಂಡಿ ತೆರೆದಿಡ್ತಾರ. ಗುತ್ತಿಗೆದಾರ ಕೊಡೋ ತಗಡಿನ ಶೆಡ್ಡಿನಾಗ ಹುಡುಗ್ರು ಎಣ್ಣಿ ಡಬ್ಬಿ ಕತ್ತರಿಸಿ ಅದ್ರಾಗ ಇದ್ದಲಿ ಹಾಕಿ ಮಂಚದ ಬಾಜೂಕ ಇಟ್ಕೋತಾರ, ಪೈಪ್ ಇಲ್ಲ ಏನಿಲ್ಲ. ಈ ಮಾತು ನಮ್ಮ ಊರಿಗೂ ಸೇರಿದ್ದ. ಬಾಣಂತಿ ಕೋಣಿಯಾಗ ಅಗ್ಗಿಷ್ಟಿಕಿ ಇಟ್ಟು ಗಾಳಿ ಹತ್ತಬಾರದು ಅಂತ ಕಿಟಕಿಗೆ ಚಾದರ ಬಡಿತೀವಲ್ಲ, ಅದನ್ನ ಬಿಡಬೇಕು, ಕಿಂಡಿ ತೆರೆದಿರಲೇಬೇಕು.

ಚಳಿ ನಾಡಿನ ಮಂದಿ ಇದ್ರಾಗ ಹೆಂಗ ಇದಾರ ಅಂದ್ರ, ಅವರ ಮನಿನ ಹಂಗ ಕಟ್ಯಾರ. ಲಡಾಖಿ ಮನಿ ಗ್ವಾಡಿ ಮಣ್ಣಿಂದು, ಭಾಳ ದಪ್ಪ, ಛಾವಣಿ ಗಿಡ್ಡ, ದೊಡ್ಡ ಕಿಟಕಿ ದಕ್ಷಿಣಕ್ಕ, ಯಾಕಂದ್ರ ಚಳಿಗಾಲದ ಸೂರ್ಯ ಆ ಕಡೇನ ಇರ್ತಾನ, ದಿನವೆಲ್ಲಾ ಕಾಯ್ದ ಗ್ವಾಡಿ ರಾತ್ರಿ ಕಾವು ಬಿಡ್ತದ. ಚಳಿಗಾಲ ಪೂರ್ತಿ ಎಲ್ಲಾರೂ ಅಡಗಿಮನಿಯಾಗ ಒಲಿ ಸುತ್ತನ ಇರೋದು, ಉಳಿದ ಖೋಲಿಗೆ ಬೀಗ. ಗಡ್ಡಿ, ಬಟಾಟಿ, ಕೋಸು ನೆಲದಾಗ ಕುಣಿ ತೋಡಿ ಮುಚ್ಚಿಡ್ತಾರ, ಇಲ್ಲಾಂದ್ರ ಹೆಪ್ಪುಗಟ್ಟಿ ಹಾಳಾಗ್ತಾವ. ನಳ ರಾತ್ರಿ ಪೂರ್ತಿ ಬಂದ್ ಮಾಡಂಗಿಲ್ಲ, ಸಣ್ಣ ಧಾರಿ ಬಿಟ್ಟಿರ್ತಾರ, ಹರಿಯೋ ನೀರು ಲಗೂನ ಹೆಪ್ಪುಗಟ್ಟಂಗಿಲ್ಲ. ಪೈಪ್‌ನಾಗ ನೀರು ನಿಂತು ಮಂಜಾತಂದ್ರ ಅದು ಹಿಗ್ಗಿ ಕಬ್ಬಿಣದ ಪೈಪ್ ಆದ್ರೂ ಸೀಳ್ತದ. ಊಟದಾಗ ತುಪ್ಪ, ಬೆಣ್ಣಿ ಚಾ, ಥುಕ್ಪಾ ಅನ್ನೋ ಬಿಸಿ ಶಾವಿಗಿ ಸಾರು. ನಮ್ಮಲ್ಲೂ ಎಳ್ಳಮಾಸಿ ಸಂಕ್ರಮಣಕ್ಕ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಅಗಸಿ ಚಟ್ನಿ, ಶೇಂಗಾ ಹೋಳಿಗಿ ಮಾಡೋದು ಇದ ವಿಚಾರಕ್ಕ, ಎಣ್ಣಿ ಅಂಶ ಚಳಿಗೆ ಬೇಕು, ಹೋಗೋ ಹುಡುಗಗ ಇವನ್ನ ಹೆಚ್ಚಿಗಿ ಕಟ್ಟಿಕೊಡ್ರಿ.

ಲಾರಿಯವರಿಗೆ ಒಂದ ಮಾತು. ನಮ್ಮಲ್ಲಿ ತುಂಬಿಸಿದ ಡೀಸೆಲ್ ಅಲ್ಲಿ ಮೇಣ ಕಟ್ಟಿ ಫಿಲ್ಟರ್‌ನಾಗ ಸಿಕ್ಕಿ ಗಾಡಿ ನಿಲ್ತದ. ಲಡಾಖ್ ಕಡೆ 2019 ರಿಂದ ಚಳಿಗಾಲದ ಡೀಸೆಲ್ ಅಂತ ಬ್ಯಾರೆನ ಬರ್ತದ, ಅದು ಮೈನಸ್ 33 ಡಿಗ್ರಿ ತನಕ ಹರೀತದ, ಮ್ಯಾಲ ಹತ್ತೋ ಮುಂಚೆ ಅದನ್ನ ಹಾಕಿಸ್ರಿ. ಟ್ಯಾಂಕ್ ಕೆಳಗ ಬೆಂಕಿ ಹಚ್ಚಿ ಕಾಸೋದು ನಾನು ಕಣ್ಣಾರೆ ನೋಡೀನಿ, ದಯವಿಟ್ಟು ಯಾರೂ ಮಾಡಬ್ಯಾಡ್ರಿ.

ಕೆನಡಾಕ್ಕ ಹೋಗೋ ಮಕ್ಕಳದು ಅಷ್ಟು ಕಷ್ಟ ಇಲ್ಲ, ಮನಿ ಬಸ್ಸು ಕಾಲೇಜು ಎಲ್ಲಾ ಬೆಚ್ಚಗಿರ್ತಾವ, ಆದ್ರ ವಿನಿಪೆಗ್ ಅಂಥಾ ಊರಾಗ ಮೈನಸ್ 30 ರಾಗ ಬಸ್‌ಸ್ಟಾಪ್‌ನಾಗ ನಿಂದ್ರೋ ಹೊತ್ತಿನಾಗ ಕಿವಿ ಮೂಗು ಹೋಗ್ತಾವ. ಡಿಸೆಂಬರ್‌ನಾಗ ಅಲ್ಲಿ ನಾಲ್ಕೂವರಿಗೆ ಹೊತ್ತು ಮುಳುಗ್ತದ, ಬಿಸಿಲಾಗ ಬೆಳೆದ ನಮ್ಮ ಮಕ್ಕಳು ಆ ಕತ್ತಲಿಗೆ ಕುಗ್ಗಿ ಮಂಕಾಗ್ತಾರ, ಮನಿ ಮಂದಿ ಫೋನ್ ಮಾಡಿದಾಗ ಬರೇ ಮಾರ್ಕ್ಸ್ ಕೇಳದ ಅದನ್ನೂ ಕೇಳ್ರಿ.

2016ರ ಫೆಬ್ರವರಿ 3ಕ್ಕ ಸಿಯಾಚಿನ್‌ನಾಗ ಹಿಮ ಕುಸಿದು 10 ಜನ ಸೈನಿಕರು ಹೂತುಹೋದ್ರು. ಧಾರವಾಡ ಜಿಲ್ಲಾ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಸುಮಾರು 19,600 ಅಡಿ ಎತ್ತರದಾಗ, ಮೈನಸ್ 40ಕ್ಕೂ ಇಳಿಯೋ ಜಾಗದಾಗ, ಹಿಮದ ಕೆಳಗ 6 ದಿವಸ ಜೀವ ಹಿಡ್ಕೊಂಡಿದ್ರು, ಹೊರಗ ತಗದ ಮ್ಯಾಲ ಫೆಬ್ರವರಿ 11ಕ್ಕ ದಿಲ್ಲಿ ಆಸ್ಪತ್ರಿಯಾಗ ತೀರ್ಕೊಂಡ್ರು. ಆ ವಾರ ಕರ್ನಾಟಕ ಪೂರ್ತಿ ಕಣ್ಣೀರು ಹಾಕಿತು, ನಮ್ಮ ಊರ ಚಾದಂಗಡಿಯಾಗ ಮುದುಕರು ಸೈತ ನನ್ನ ಕರದು ಮೈನಸ್ ಡಿಗ್ರಿ ಅಂದ್ರ ಹೆಂಗಿರ್ತದೋ ತಮ್ಮಾ ಅಂತ ಕೇಳ್ತಿದ್ರು. ಆಗ ಕೇಳೋ ಕಿವಿ ಇದ್ವು. ಆಮ್ಯಾಲ ಎಲ್ಲಾರೂ ಸುಮ್ನಾದ್ರು, ಹುಡುಗ್ರು ಮಾತ್ರ ಹೋಗೋದು ನಿಂತಿಲ್ಲ.

ನನ್ನ ಬೇಡಿಕಿ ಇಷ್ಟ. ನಿಮ್ಮ ಪೇಪರ್‌ನಾಗ ಅಕ್ಟೋಬರ್ ಕೊನಿ ವಾರದಿಂದ ಜನವರಿ ತನಕ ವಾರಕ್ಕೊಮ್ಮೆ ಚಳಿ ಸೀಮಿಗೆ ಹೋಗೋರಿಗಂತ ಒಂದ ಸಣ್ಣ ಕಾಲಂ ಮಾಡ್ರಿ, ಡಾಕ್ಟ್ರಿಂದ ಬರೆಸ್ರಿ, ನಮ್ಮಂಥಾ ಮಾಜಿ ಸೈನಿಕರಿಂದ ಬರೆಸ್ರಿ. ಐಟಿಐದಾಗ, ಸೈನ್ಯ ಭರ್ತಿ ಟ್ರೇನಿಂಗ್ ಕೊಡೋ ಕಡೆ, ಅರ್ಧ ದಿವಸ ಇದನ್ನ ಹೇಳಿಕೊಡ್ಲಿ ಅಂತ ಮೂರೂ ಜಿಲ್ಲಾಡಳಿತಕ್ಕ ನಿಮ್ಮ ಪೇಪರ್ ಮೂಲಕ ಕೇಳ್ತೀನಿ. ಹೊರ ರಾಜ್ಯಕ್ಕ ಕೂಲಿ ಒಯ್ಯೋ ಗುತ್ತಿಗೆದಾರ ರಕ್ಷಣಾ ಬಟ್ಟಿ ಕೊಡಬೇಕು ಅಂತ 1979ರ ವಲಸೆ ಕಾರ್ಮಿಕರ ಕಾಯ್ದೆಯಾಗನ ಬರದಿತ್ತು, ಈಗ ಆ ಕಾಯ್ದೆ ಲೇಬರ್ ಕೋಡ್‌ನಾಗ ಸೇರಿ ಹೆಸರು ಬದಲಾದ್ರೂ ಮನಷ್ಯಾನ ಕಾಲ್ಬೆರಳು ಬದಲಾಗಿಲ್ಲ, ಹಂಗಾಗಿ ಊರು ಬಿಡೋ ಮುಂಚೆನ ಜಾಕೆಟ್, ಬೂಟು, ಕೈಗವಸು ಕೈಗೆ ಬಂದಾವಿಲ್ಲೋ ಅಂತ ಗ್ರಾಮ ಪಂಚಾಯ್ತಿಯವರು ಹುಡುಗ್ರ ಹೆಸರು ಬರಕೊಂಡು ನೋಡಬೇಕು, ಇದ್ರಾಗ ರೊಕ್ಕದ ಖರ್ಚೂ ಏನಿಲ್ಲ. ತಂದಿತಾಯಿಗಳೂ ಕೇಳ್ರಿ, ಪಗಾರ ಎಷ್ಟು ಅನ್ನೋಕಿಂತ ಮೊದಲ ಎಷ್ಟು ಎತ್ತರ, ಎಷ್ಟು ಚಳಿ, ಮಲಗಾಕ ಎಂಥಾ ಜಾಗ, ದವಾಖಾನಿ ಎಷ್ಟು ದೂರ ಅಂತ ಕೇಳ್ರಿ, ಉತ್ತರ ಕೊಡದವನ ಕೂಡ ಮಗನ್ನ ಕಳಿಸಬ್ಯಾಡ್ರಿ.

ನೀವು ಆ ಕಾಲಂ ಶುರು ಮಾಡೋದಾದ್ರ ಮೊದಲನೇ ವಾರ ಮುಚ್ಚಿದ ರೂಮಿನ ಬೆಂಕಿದನ್ನ ಹಾಕ್ರಿ, ಕಾಲಿಂದು ಎರಡನೇ ವಾರಕ್ಕ ಬಂದ್ರೂ ನಡೀತದ. ಬರಿಯಾಕ ನಾನು ತಯಾರಿದ್ದೀನಿ, ಕೊಪ್ಪಳ ರಾಯಚೂರು ಕಡೆ ಯಾವ ಐಟಿಐ ಕರೆದ್ರೂ ಸ್ವಂತ ಖರ್ಚಿನಾಗ ಬಂದು ಹೇಳ್ತೀನಿ.

ಇಂತಿ ನಿಮ್ಮ ಓದುಗ,
ಒಬ್ಬ ಮಾಜಿ ಸೈನಿಕ,
ಕುಷ್ಟಗಿ ತಾಲೂಕು, ಕೊಪ್ಪಳ ಜಿಲ್ಲಾ